ಬಣ್ಣದ ಕಪಾಟಿಗೆ ಯಾವ ನಂಬರಿನ ಪೇಪರು?

ದಾವಣಗೆರೆಯ ದೇವರಾಜ ಅರಸು ಬಡಾವಣೆಯಂಥ ಕಡೆ ಸ್ವಲ್ಪ ಹಳೆಯ ಮನೆಗಳಲ್ಲಿ ಗೋಡೆಗೆ ಕೂರಿಸಿದ ಮರದ ಕಪಾಟುಗಳಿರುತ್ತವೆ. ಹಬ್ಬಕ್ಕೊಮ್ಮೆ ಮದುವೆಗೊಮ್ಮೆ ಎಂದು ಹೊಡೆಸಿದ ಎನಾಮಲ್ ಅವುಗಳ ಮೇಲೆ ಪದರ ಪದರವಾಗಿ ಕೂತಿರುತ್ತದೆ. ಮತ್ತೆ ಬಣ್ಣ ಮಾಡಿಸಲು ಹೊರಟು ಅಂಗಡಿಯಲ್ಲಿ ಸ್ಯಾಂಡ್ ಪೇಪರ್ ಕೇಳಿದರೆ, ಯಾವ ನಂಬರು ಎನ್ನುತ್ತಾರೆ. ಅದಕ್ಕೆ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು: ಹಳೇ ಬಣ್ಣವನ್ನು ಪೂರ್ತಿ ತೆಗೆಯಬೇಕೋ, ಅದರ ಹೊಳಪು ಸತ್ತರೆ ಸಾಕೋ? ಗಟ್ಟಿಯಾಗಿ ಹಿಡಿದುಕೊಂಡಿರುವ ಹಳೇ ಬಣ್ಣಕ್ಕಿಂತ ಒಳ್ಳೆಯ ತಳ ಹೊಸ ಬಣ್ಣಕ್ಕೆ ಸಿಗುವುದಿಲ್ಲ. ಹತ್ತರಲ್ಲಿ ಎಂಟು ಕಪಾಟುಗಳಿಗೆ ಹೊಳಪು ಕಳೆದರೆ ಸಾಕು ಎಂಬುದು ನನ್ನ ಅಂದಾಜು.

ನಂಬರು ಏರಿದಷ್ಟೂ ಕಣ ಸಣ್ಣದು. ಪಿ 80ರ ಕಣ ಸುಮಾರು 200 ಮೈಕ್ರಾನ್, ಪಿ 220ರದ್ದು 68, ಪಿ 400ರದ್ದು 35. ಆ 'ಪಿ' ಅಕ್ಷರ ಯುರೋಪಿನ ಅಳತೆಯ ಗುರುತು. ಅದಿಲ್ಲದ ಅಮೆರಿಕದ ಅಳತೆಯಲ್ಲಿ 400 ಎಂದರೆ ಸುಮಾರು 23 ಮೈಕ್ರಾನ್, ಇನ್ನೂ ನಯ. ನಂಬರು ಹಾಳೆಯ ಬೆನ್ನ ಮೇಲೆ ಅಚ್ಚಾಗಿರುತ್ತದೆ. ಹರಿದು ತುಂಡು ಮಾಡುವಾಗ ಪ್ರತಿ ತುಂಡಿನ ಹಿಂದೆಯೂ ಪೆನ್ಸಿಲಿನಲ್ಲಿ ಬರೆದುಕೊಳ್ಳಿ.

ಅಡುಗೆಮನೆ ಕಪಾಟಾದರೆ ಮೊದಲು ವಾಷಿಂಗ್ ಸೋಡಾ ನೀರಿನಲ್ಲಿ ಜಿಡ್ಡು ತೊಳೆದು ಒಣಗಿಸಿ. ಜಿಡ್ಡಿನ ಮೇಲೆ ಉಜ್ಜಿದರೆ ಅದು ಗೀರುಗಳೊಳಗೇ ಸೇರಿ ಹೊಸ ಬಣ್ಣ ಹಿಡಿಯುವುದಿಲ್ಲ. ಬಣ್ಣ ಎದ್ದು ಚಕ್ಕೆಯಾಗಿರುವ ಜಾಗಕ್ಕೆ ಮಾತ್ರ 80 ಅಥವಾ 100. ಚಕ್ಕೆ ಹೋದ ಅಂಚು ಕೈಗೆ ತಡೆಯದಂತಾಗಲು 120, 150. ಉಳಿದದ್ದಕ್ಕೆಲ್ಲ 180ರಿಂದ 220. ಪ್ಲೈವುಡ್ ಬಾಗಿಲಾದರೆ 80ನ್ನು ಮುಟ್ಟದಿರುವುದೇ ಕ್ಷೇಮ. ಮೇಲಿನ ಮರದ ಪದರ ಒಂದು ಮಿಲಿಮೀಟರಿಗಿಂತಲೂ ತೆಳು, ನಾಲ್ಕು ಉಜ್ಜಿಗೆ ಒಳಪದರ ಕಾಣುತ್ತದೆ.

ನಂಬರಿನಷ್ಟೇ ಮುಖ್ಯ ಪೇಪರಿನ ಜಾತಿ. ಲೇತ್ ಯಂತ್ರಗಳ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿದ್ದ ಹರಿಹರದಲ್ಲಿ ಎಮರಿ ಪೇಪರಿನ ಹೆಸರು ಕೇಳದವರು ಕಡಿಮೆ. ಆದರೆ ಅದು ಲೋಹದ ಕೆಲಸದ್ದು. ಒಣ ಮರಕ್ಕೆ ಅಲ್ಯೂಮಿನಿಯಂ ಆಕ್ಸೈಡ್ ಪೇಪರ್ ಬಾಳಿಕೆ ಬರುತ್ತದೆ. ಬಣ್ಣದ ಮೇಲೆ ಒಣದಾಗಿ ಉಜ್ಜಿದರೆ ಮಾತ್ರ ಎನಾಮಲ್ ಬಿಸಿಗೆ ಮೆತ್ತಗಾಗಿ ಕಣಗಳ ನಡುವೆ ಮೆತ್ತಿಕೊಳ್ಳುತ್ತದೆ. ಇದಕ್ಕೆ ಎರಡು ಉಪಾಯ: ಬಿಳಿ ಲೇಪವಿರುವ ಸ್ಟಿಯರೇಟ್ ಪೇಪರ್, ಇಲ್ಲವೇ ಕಪ್ಪು ವಾಟರ್ ಪೇಪರ್. ಕಪ್ಪಗಿರುವುದು ಸಿಲಿಕಾನ್ ಕಾರ್ಬೈಡ್. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಿಂದ ತೆಗೆದ ವಸ್ತು. ನೀರಿಗೆ ಜಗ್ಗದ ಪೇಪರನ್ನು 3ಎಂ ಕಂಪನಿ 1921ರಲ್ಲಿ ಮಾರುಕಟ್ಟೆಗೆ ತಂದಿತು. ಕಾರಿಗೆ ಬಣ್ಣ ಹಾಕುವ ಗ್ಯಾರೇಜುಗಳಲ್ಲಿ ಅದು ಬೇಗ ಬಳಕೆಗೆ ಬಂದದ್ದಕ್ಕೆ ಧೂಳು ಏಳದಿರುವುದೂ ಒಂದು ಕಾರಣ.

ಆ ಧೂಳಿನ ವಿಷಯ ನಮ್ಮ ಕಪಾಟಿಗೂ ಸೇರಿದ್ದೇ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ 2016ರದ್ದು, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎನಾಮಲ್, ಅದರಲ್ಲೂ ಹಳದಿ, ಕಿತ್ತಳೆ, ಕೆಂಪು ಬಣ್ಣದ್ದು, ಸೀಸದ್ದೇ ಎಂದುಕೊಂಡು ಕೆಲಸ ಮಾಡಿ. ಒಣದಾಗಿ ಉಜ್ಜಬೇಡಿ, ಮೆಷಿನ್ ಅಂತೂ ಹಚ್ಚಲೇಬೇಡಿ. ಸೀಸದ ಧೂಳು ಮಕ್ಕಳ ಮಿದುಳಿಗೆ ಕುತ್ತು. ಮಕ್ಕಳನ್ನೂ ಬಸುರಿಯರನ್ನೂ ದೂರವಿಟ್ಟು, ಎನ್95 ಮಾಸ್ಕ್ ಹಾಕಿ, ವಾಟರ್ ಪೇಪರನ್ನು ಒಂದೆರಡು ಹನಿ ಪಾತ್ರೆ ಸೋಪು ಬೆರೆಸಿದ ನೀರಿಗೆ ಅದ್ದಿ ಉಜ್ಜಿ. ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಲು ಬಿಡದೆ ಚೀಲಕ್ಕೆ ಕಟ್ಟಿಡಿ. ಕಸಬರಿಗೆಯಿಂದ ಗುಡಿಸಿದರೆ ಮಾಡಿದ್ದೆಲ್ಲ ದಂಡ. ಬಣ್ಣ ಹೋಗಿ ಬರಿಮರ ಕಾಣುವಲ್ಲಿ ನೀರು ಕಡಿಮೆಯಿರಲಿ; ಮರದ ನಾರು ಉಬ್ಬುತ್ತದೆ, ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯಾದರಂತೂ ಅಂಚು ಊದಿಕೊಂಡು ಹಾಳಾಗುತ್ತದೆ.

ಸಪಾಟು ಜಾಗಕ್ಕೆ ಪೇಪರನ್ನು ಮರದ ತುಂಡಿಗೆ ಸುತ್ತಿ ಉಜ್ಜಿ. ಬೆರಳಲ್ಲೇ ಒತ್ತಿದರೆ ಹಳ್ಳ ಬೀಳುತ್ತದೆ, ಎನಾಮಲಿನ ಹೊಳಪಿನಲ್ಲಿ ಅದು ಎದ್ದು ಕಾಣುತ್ತದೆ. ಮೂಲೆ, ಅಂಚುಗಳಿಗೆ ಕೈ ಹಗುರ ಮಾಡಿ. ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿದರೆ ಹೊಳಪು ಎಲ್ಲಿ ಉಳಿದಿದೆ ಎಂಬುದು ತಿಳಿಯುತ್ತದೆ.

ಪ್ರೈಮರ್ ಒಣಗಿದ ಮೇಲೆ 320, ಎನಾಮಲಿನ ಎರಡು ಕೋಟುಗಳ ನಡುವೆ 400. ಉಗುರು ಒತ್ತಿದರೆ ಗುರುತು ಬೀಳುವಷ್ಟು ಹಸಿಯಿದ್ದರೆ ಇನ್ನೊಂದು ದಿನ ಬಿಡಿ. ಮಳೆಗಾಲದಲ್ಲಿ ಎರಡು ದಿನವಾದರೂ ಬೇಕಾದೀತು.