ಕ್ರಿಸ್ಮಸ್ಸಿಗೆ ಮುಂಚಿನ ಮನೆಗೆಲಸ

ಡಿಸೆಂಬರ್ ತಿಂಗಳೆಂದರೆ ಶಿರಸಿ ಸೀಮೆಯ ಹುಲಗೋಳದಂತಹ ಊರುಗಳಲ್ಲಿ ಬಿಡುವಿಲ್ಲದ ಕಾಲ. ತೋಟದಲ್ಲಿ ಅಡಿಕೆಯ ಕೊನೆಕೊಯ್ಲು. ಅಂಗಳದಲ್ಲಿ ಬೇಯಿಸಿದ ಅಡಿಕೆಯ ಹರವು. ರಾತ್ರಿ ದೀಪದ ಬೆಳಕಿನಲ್ಲಿ ಸುಲಿಯುವವರ ಸಾಲು. ಇದೇ ತಿಂಗಳಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕ್ರೈಸ್ತ ಬಾಂಧವರು ತಮ್ಮ ಮಹಾಪರ್ವಕ್ಕೆ ಅಣಿಯಾಗುವರು. ಅವರ ಮನೆಯ ಮುಂದೆ ತೂಗುವ ನಕ್ಷತ್ರದ ದೀಪವನ್ನು ನಾವೆಲ್ಲರೂ ಕಂಡಿರುವೆವು. ಆ ದೀಪವನ್ನು ಹಚ್ಚುವ ಮುನ್ನ ಅಂತರಂಗದಲ್ಲಿ ನಡೆಯಬೇಕಾದ ಸಿದ್ಧತೆಯೇನೆಂಬುದನ್ನು ಈ ಸಲ ವಾಚಕರ ಮುಂದಿಡಲು ಬಯಸುತ್ತೇವೆ.

ಕ್ರಿಸ್ಮಸ್ಸಿಗೆ ಹಿಂದಿನ ನಾಲ್ಕು ಭಾನುವಾರಗಳನ್ನೊಳಗೊಂಡ ಅವಧಿಗೆ ಆಗಮನ ಕಾಲವೆಂದು ಹೆಸರು. ಅದರ ಮೊದಲನೆಯ ಭಾನುವಾರವು ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುವುದರಿಂದ, ಈ ಕಾಲವು 22 ದಿನಗಳಿಗೆ ಕಡಿಮೆಯಾಗದೆ 28 ದಿನಗಳನ್ನು ಮೀರದೆ ಇರುವುದು. 1976ರಲ್ಲಿ ಸ್ಥಾಪಿತವಾದ ಕಾರವಾರ ಧರ್ಮಪ್ರಾಂತದ ಇಗರ್ಜಿಗಳಲ್ಲಿಯೂ ಈ ದಿನಗಳಲ್ಲಿ ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರವನ್ನು ಧರಿಸುವರು. ಅದು ಪಶ್ಚಾತ್ತಾಪದ ಬಣ್ಣ. ಮೂರನೆಯ ಭಾನುವಾರ ಮಾತ್ರ, ಹಬ್ಬವು ಸಮೀಪಿಸಿತೆಂಬ ಸಂತೋಷಕ್ಕಾಗಿ, ಗುಲಾಬಿ ಬಣ್ಣಕ್ಕೆ ಎಡೆಯುಂಟು.

ಈ ಕಾಲದ ಎರಡನೆಯ ಮತ್ತು ಮೂರನೆಯ ಭಾನುವಾರಗಳ ಪಠನದಲ್ಲಿ ಪ್ರತಿವರ್ಷವೂ ಸ್ನಾನಿಕನಾದ ಯೋಹಾನನು ಕಾಣಿಸಿಕೊಳ್ಳುವನು. ಕರ್ತನಿಗಾಗಿ ಹಾದಿಯನ್ನು ಸಿದ್ಧಪಡಿಸಿರಿ, ತಗ್ಗನ್ನು ತುಂಬಿ ದಿಣ್ಣೆಯನ್ನು ತಗ್ಗಿಸಿ ಡೊಂಕನ್ನು ನೆಟ್ಟಗೆ ಮಾಡಿರಿ ಎಂಬುದು ಅವನ ಕರೆಯ ಸಾರ. ದೇವಿಮನೆ ಘಟ್ಟದ ತಿರುವುಗಳನ್ನು ಬಲ್ಲ ನಮ್ಮವರಿಗೆ ಇದು ಎಷ್ಟು ಶ್ರಮದ ಕೆಲಸವೆಂದು ಬಿಡಿಸಿ ಹೇಳಬೇಕಾದುದಿಲ್ಲ.

ಆದರೆ ಆ ಹಾದಿಯನ್ನು ಎಲ್ಲಿ ಕಡಿಯಬೇಕು? ಲೂಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಜನರು ಇದನ್ನೇ ಕೇಳಿದರು: ನಾವೇನು ಮಾಡಬೇಕು? ಯೋಹಾನನು ಅವರನ್ನು ಅಡವಿಗೆ ಕರೆಯಲಿಲ್ಲ. ಎರಡು ಅಂಗಿಗಳಿದ್ದವನು ಇಲ್ಲದವನಿಗೆ ಒಂದನ್ನು ಕೊಡಲಿ, ಅನ್ನವಿದ್ದವನೂ ಹಾಗೆಯೇ ಮಾಡಲಿ ಎಂದನು. ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕೇಳಬೇಡಿರೆಂದನು. ಸಿಪಾಯಿಗಳಿಗೆ, ಯಾರನ್ನೂ ಬೆದರಿಸಿ ಸುಲಿಯಬೇಡಿರಿ, ನಿಮ್ಮ ಸಂಬಳದಲ್ಲಿಯೇ ತೃಪ್ತರಾಗಿರಿ ಎಂದನು. ಯಾರ ಕಸುಬನ್ನೂ ಬಿಡಿಸಲಿಲ್ಲ. ಕಸುಬಿನೊಳಗಿನ ಡೊಂಕನ್ನು ತೋರಿಸಿದನು. ಆಗಮನ ಕಾಲದ ಸಿದ್ಧತೆಯ ತಿರುಳು ಇಲ್ಲಿದೆಯೆಂದು ನಮ್ಮ ಭಾವನೆ.

ಈ ಉತ್ತರವನ್ನು ನಮ್ಮ ಸೀಮೆಯ ಮನೆಯಂಗಳಕ್ಕೆ ತಂದು ನೋಡೋಣ. ಕೊನೆ ಇಳಿಸಿದವನ ಕೂಲಿ ಲೆಕ್ಕದ ಪುಸ್ತಕದಲ್ಲಿಯೇ ಉಳಿದಿರುವಾಗ ಯಜಮಾನನು ಇಗರ್ಜಿಗೆ ಹೊಸ ಬಟ್ಟೆಯುಟ್ಟು ಹೋದರೆ, ಅವನ ಹಾದಿ ನೆಟ್ಟಗಾಯಿತೆಂದು ಹೇಳಬಹುದೇ? ಅಂಗಡಿಯ ತಕ್ಕಡಿ, ಮುಂಗಡದ ಬಡ್ಡಿ, ಬೇಲಿಯ ತಂಟೆಯಿಂದ ಮಾತುಬಿಟ್ಟ ದಾಯಾದಿ, ಇವೆಲ್ಲವೂ ಆತ್ಮಪರೀಕ್ಷೆಗೆ ಒಳಪಡಬೇಕಾದವು. ಕಥೋಲಿಕರು ಹಬ್ಬಕ್ಕೆ ಮುಂಚೆ ಗುರುಗಳಲ್ಲಿ ಪಾಪನಿವೇದನೆ ಮಾಡುವರು. ನಿವೇದನೆಯ ಬಳಿಕ ಮನೆಗೆ ಬಂದು ಬಾಕಿಯನ್ನು ತೀರಿಸುವುದೂ ಅದರ ಭಾಗವೇ. ಬಾಯಿಂದ ಒಪ್ಪಿದ ತಪ್ಪನ್ನು ಕೈಯಿಂದ ತಿದ್ದದಿದ್ದರೆ ಪಶ್ಚಾತ್ತಾಪವು ಅರ್ಧದಲ್ಲಿಯೇ ನಿಂತಂತೆ.

ಗೃಹಿಣಿಯರ ಪಾಲಿನ ಸಿದ್ಧತೆಯೂ ಅಲ್ಪವಲ್ಲ. ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ನೆವ್ರಿ, ಕಿಡಿಯೊ ಮೊದಲಾದ ತಿಂಡಿಗಳನ್ನು ಕರಿದು, ಕುಸ್ವಾರ್ ಎಂಬ ಹೆಸರಿನಿಂದ ನೆರೆಹೊರೆಯ ಅನ್ಯಧರ್ಮೀಯರಿಗೂ ಹಂಚುವುದು ರೂಢಿ. ಆ ತಟ್ಟೆಯು ಮೊದಲು ಮಾತುಬಿಟ್ಟ ಮನೆಗೆ ಹೋಗಲಿ ಎಂಬುದು ನಮ್ಮ ಬಿನ್ನಹ. ಮಕ್ಕಳ ಕೈಯಲ್ಲಿ ಕಳುಹಿಸದೆ ತಾವೇ ಕೊಂಡೊಯ್ದರೆ ಮತ್ತೂ ಲೇಸು.

ಇನ್ನು ಗೋದಲಿಯ ವಿಷಯ. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ಮೇವಿನ ತೊಟ್ಟಿಯನ್ನಿರಿಸಿ, ಎತ್ತು ಕತ್ತೆಗಳನ್ನು ನಿಲ್ಲಿಸಿ, ಕ್ರಿಸ್ತಜನನದ ಬಡತನವನ್ನು ಜನರ ಕಣ್ಣಿಗೆ ಕಟ್ಟಿದರು. ಕೊಟ್ಟಿಗೆಯೆಂದರೇನೆಂದು ಮಲೆನಾಡಿನ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಛತ್ರದಲ್ಲಿ ಸ್ಥಳ ದೊರೆಯದ ಕುಟುಂಬದ ಕಥೆಯಿದು ಎಂದು ಹಿರಿಯರು ಗೋದಲಿಯನ್ನು ಕಟ್ಟುವಾಗಲೇ ತಿಳಿಸಿದರೆ, ಬಾಗಿಲಿಗೆ ಬಂದವರನ್ನು ಹೇಗೆ ಕಾಣಬೇಕೆಂಬುದು ಮಕ್ಕಳಿಗೆ ತಾನಾಗಿ ತಿಳಿಯುವುದು.

ಹಬ್ಬಕ್ಕೆ ಮೊದಲು ಮನೆಯನ್ನು ಗುಡಿಸಿ ಸಾರಿಸುವುದು ಎಲ್ಲ ಮತದವರಲ್ಲಿಯೂ ಉಂಟು. ಅದರೊಡನೆ ಲೆಕ್ಕದ ಪುಸ್ತಕವನ್ನೂ ಒಮ್ಮೆ ತೆರೆದು ನೋಡುವ ಸದ್ಬುದ್ಧಿಯು, ಕ್ರೈಸ್ತ ವಾಚಕರಿಗೂ ಇತರರಿಗೂ, ಈ ಕೊಯ್ಲಿನ ತಿಂಗಳಲ್ಲಿ ಲಭಿಸಲೆಂದು ಹಾರೈಸುತ್ತೇವೆ.