ಇಂಜೆಕ್ಷನ್ನಿನಿಂದ ಭುಜ ಹಿಡಿದುಕೊಳ್ಳುತ್ತದೆಯೇ?



ಈ ತಿಂಗಳು ನಮ್ಮ ಶಾಲೆಯಲ್ಲಿ 10 ವರ್ಷ ಮತ್ತು 16 ವರ್ಷದವರಿಗೆ ಟಿ.ಡಿ. ಲಸಿಕೆ ಹಾಕುತ್ತಾರೆ. ಇದು ಧನುರ್ವಾಯು, ಗಂಟಲಮಾರಿ ಎಂಬ ಎರಡು ರೋಗಗಳನ್ನು ತಡೆಯುತ್ತದೆ. ಸುದ್ದಿ ಬಂದಾಗಿನಿಂದ ನಮ್ಮ ತರಗತಿಯಲ್ಲಿ ಒಂದೇ ಮಾತು: "ಸೂಜಿ ಹಾಕಿಸ್ಕೊಂಡ್ರೆ ತೋಳು ಎತ್ತಕ್ಕೇ ಆಗಲ್ವಂತೆ ಕಣೋ!" ಆ ದಿನ ಹೊಟ್ಟೆನೋವು ಅಂತ ಹೇಳಿ ಮನೆಯಲ್ಲೇ ಉಳಿಯುವ ಯೋಚನೆ ಕೆಲವರಿಗಿದೆ. ಈ ಮಾತಿನಲ್ಲಿ ನಿಜವೆಷ್ಟು, ಸುಳ್ಳೆಷ್ಟು? ವಿಜ್ಞಾನದ ಮೇಷ್ಟ್ರನ್ನೂ ಆರೋಗ್ಯ ಕೇಂದ್ರದ ಸಿಸ್ಟರನ್ನೂ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನೋವಿನಲ್ಲಿ ಎರಡು ಬಗೆ

ಲಸಿಕೆ ಹಾಕಿದ ಜಾಗ ಒಂದೆರಡು ದಿನ ನೋಯುತ್ತದೆ. ಸ್ವಲ್ಪ ಊದಿಕೊಳ್ಳಬಹುದು, ಮೈ ಬೆಚ್ಚಗಾಗಬಹುದು. ಇದು ಸಹಜ. ನಮ್ಮ ದೇಹ ರೋಗದ ವಿರುದ್ಧ ಹೋರಾಡಲು ಕಲಿಯುತ್ತಿದೆ ಎಂಬುದರ ಗುರುತು ಅದು. ಎರಡು ಮೂರು ದಿನದಲ್ಲಿ ತಾನಾಗಿಯೇ ಹೋಗುತ್ತದೆ.

ಇನ್ನೊಂದು ನೋವು ಬೇರೆ. ಇದು ಬಹಳ ಅಪರೂಪ. ಇಂಜೆಕ್ಷನ್ ಆದ ಎರಡು ದಿನದೊಳಗೆ ಶುರುವಾಗುತ್ತದೆ, ಆದರೆ ಹೋಗುವುದಿಲ್ಲ. ನೋವು ಭುಜದ ಕೀಲಿನಲ್ಲಿ ಇರುತ್ತದೆ. ಕೈಯನ್ನು ತಲೆಯವರೆಗೆ ಎತ್ತಲು, ಬೆನ್ನ ಹಿಂದೆ ಒಯ್ಯಲು ಆಗುವುದಿಲ್ಲ. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಜನ ಹೆದರುವುದು ಈ ಎರಡನೆಯದಕ್ಕೆ.

ಇದು ಏಕೆ ಆಗುತ್ತದೆ?

ನಿಮ್ಮ ಭುಜದ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಗಟ್ಟಿಯಾದ ಒಂದು ಮೂಳೆ ಸಿಗುತ್ತದೆ. ಅದರ ಹೆಸರು ಅಕ್ರೋಮಿಯನ್. ಅದರ ಕೆಳಗೆ ತೋಳಿನ ಮೇಲೆ ದಪ್ಪಗೆ ಹೊದ್ದುಕೊಂಡಿರುವುದೇ ಡೆಲ್ಟಾಯ್ಡ್ ಸ್ನಾಯು. ಗ್ರೀಕ್ ಭಾಷೆಯ ಡೆಲ್ಟಾ ಅಕ್ಷರದ ಹಾಗೆ ಮೂರು ಮೂಲೆ ಇರುವುದರಿಂದ ಈ ಹೆಸರು. ಲಸಿಕೆ ಹೋಗಬೇಕಾದದ್ದು ಈ ಸ್ನಾಯುವಿನ ನಡುಭಾಗಕ್ಕೆ. ಅಲ್ಲಿ ರಕ್ತ ಚೆನ್ನಾಗಿ ಹರಿಯುತ್ತದೆ.

ಆದರೆ ಈ ಸ್ನಾಯುವಿನ ಮೇಲ್ಭಾಗದಲ್ಲಿ, ಮೂಳೆಯ ಕೆಳಗೆ, ಬರ್ಸಾ ಎಂಬ ತೆಳುವಾದ ಚೀಲವಿದೆ. ಅದರಲ್ಲಿ ಸ್ವಲ್ಪವೇ ಜಾರುವ ದ್ರವ ಇರುತ್ತದೆ. ಎತ್ತಿನಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದಿಲ್ಲವೇ? ಹಾಗೆಯೇ ಇದು ಮೂಳೆಗೂ ಸ್ನಾಯುರಜ್ಜುವಿಗೂ ತಿಕ್ಕಾಟವಾಗದಂತೆ ನೋಡಿಕೊಳ್ಳುತ್ತದೆ. ಸೂಜಿಯನ್ನು ತೀರಾ ಮೇಲೆ ಚುಚ್ಚಿದರೆ ಲಸಿಕೆ ಸ್ನಾಯುವಿಗೆ ಹೋಗದೆ ಈ ಚೀಲಕ್ಕೆ ಹೋಗಿಬಿಡಬಹುದು. ಲಸಿಕೆಯ ಕೆಲಸವೇ ದೇಹದ ರಕ್ಷಣಾ ಪಡೆಯನ್ನು ಎಬ್ಬಿಸುವುದು. ಸ್ನಾಯುವಿನಲ್ಲಿ ನಡೆಯಬೇಕಾದ ಕಾಳಗ ಕೀಲಿನ ಚೀಲದಲ್ಲಿ ನಡೆದರೆ ಅಲ್ಲಿ ಉರಿಯೂತವಾಗುತ್ತದೆ. ಭುಜ ಹಿಡಿದುಕೊಳ್ಳುವುದು ಹೀಗೆ.

ಅಂದರೆ ತಪ್ಪಿರುವುದು ಲಸಿಕೆಯಲ್ಲಲ್ಲ, ಸೂಜಿ ಬಿದ್ದ ಜಾಗದಲ್ಲಿ.

ನಮ್ಮ ದೊಡ್ಡಮ್ಮನ ಕಥೆ

2021ರಲ್ಲಿ ಕೊರೊನಾ ಲಸಿಕೆ ಹಾಕಿಸಿಕೊಂಡ ರಾತ್ರಿಯಿಂದಲೇ ನಮ್ಮ ದೊಡ್ಡಮ್ಮನಿಗೆ ಭುಜದ ನೋವು ಶುರುವಾಯಿತು. ತುರುಬು ಕಟ್ಟಲು, ಅಟ್ಟದಿಂದ ಪಾತ್ರೆ ಇಳಿಸಲು ಆಗುತ್ತಿರಲಿಲ್ಲ. ಅವತ್ತು ಅವರು ನಿಂತುಕೊಂಡೇ, ರವಿಕೆಯ ತೋಳನ್ನು ಪೂರ್ತಿ ಬಿಡಿಸದೆ, ಕತ್ತಿನ ಕಡೆಯಿಂದ ಜಗ್ಗಿ ಭುಜ ತೋರಿಸಿದ್ದರಂತೆ. ಎರಡು ತಿಂಗಳಾದ ಮೇಲೆ ಮೂಳೆ ಡಾಕ್ಟರು ಸ್ಕ್ಯಾನ್ ಮಾಡಿಸಿ, "ಬರ್ಸಾ ಊದಿಕೊಂಡಿದೆ, ಸೂಜಿ ಮೇಲೆ ಬಿದ್ದಿರಬಹುದು" ಎಂದರು. ಮಾತ್ರೆ ಕೊಟ್ಟು, ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಹತ್ತಿಸುವ ವ್ಯಾಯಾಮ ಹೇಳಿಕೊಟ್ಟರು. ವರ್ಷದೊಳಗೆ ಕೈ ಸರಿಹೋಯಿತು. ಆದರೆ ಬೀದಿಯಲ್ಲಿ ಹಬ್ಬಿದ ಮಾತು ಮಾತ್ರ ಇನ್ನೂ ಸರಿಹೋಗಿಲ್ಲ. "ಲಸಿಕೆಯಿಂದ ಕೈ ಬಿದ್ದೋಯ್ತು" ಅಂತಲೇ ಈಗಲೂ ಹೇಳುತ್ತಾರೆ.

ಇದು ನಮ್ಮ ಊರಿನಲ್ಲಿ ಮಾತ್ರ ಆದದ್ದಲ್ಲ. ಅಮೆರಿಕದಲ್ಲಿ ಹೀಗಾದ 13 ಜನರ ವಿವರಗಳನ್ನು ವೈದ್ಯರು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದರು. ಹೆಚ್ಚಿನವರಿಗೆ ನೋವು 24 ಗಂಟೆಯೊಳಗೇ ಬಂದಿತ್ತು. ಸುಮಾರು ಅರ್ಧದಷ್ಟು ಜನ, ಸೂಜಿಯನ್ನು ತುಂಬಾ ಮೇಲೆ ಚುಚ್ಚಿದರು ಎಂದು ತಾವೇ ಹೇಳಿದ್ದರು. 2017ರಲ್ಲಿ ಅಲ್ಲಿನ ಸರ್ಕಾರ ಪರಿಹಾರ ಕೊಡುವ ಲಸಿಕೆ ತೊಂದರೆಗಳ ಪಟ್ಟಿಗೆ ಇದನ್ನೂ ಸೇರಿಸಿತು.

ನಾವು ಮಾಡಬೇಕಾದದ್ದೇನು?

1. ನಿಂತುಕೊಂಡು ಹಾಕಿಸಿಕೊಳ್ಳಬೇಡಿ, ಕುಳಿತುಕೊಳ್ಳಿ. ಹಾಕುವವರೂ ಕುಳಿತಿದ್ದರೆ ಒಳ್ಳೆಯದು. ಅವರು ನಿಂತು, ನಾವು ಕುಳಿತರೆ ಸೂಜಿ ಮೇಲಕ್ಕೆ ಬೀಳುವ ಸಂಭವ ಹೆಚ್ಚು. ನಮ್ಮ ಶಾಲೆಯಲ್ಲಿ ಎರಡು ಕುರ್ಚಿ ಎದುರುಬದುರು ಹಾಕಿಸಬೇಕೆಂದು ಗುರುಗಳಲ್ಲಿ ವಿನಂತಿ.

2. ಭುಜದಿಂದ ಮೊಣಕೈವರೆಗೆ ಪೂರ್ತಿ ಕಾಣಬೇಕು. ಕಾಲರ್ ಜಗ್ಗಬೇಡಿ. ಅಂದು ಸಡಿಲ ತೋಳಿನ ಅಂಗಿ ಹಾಕಿಕೊಂಡು ಬನ್ನಿ. ಹುಡುಗಿಯರಿಗೆ ಸಂಕೋಚವಾಗದಂತೆ ಬೇರೆ ಕೋಣೆ ಅಥವಾ ಒಂದು ಪರದೆ ಇದ್ದರೆ ಚೆನ್ನ.

3. ಸರಿಯಾದ ಜಾಗ: ಭುಜದ ಮೂಳೆಯಿಂದ ಎರಡು ಮೂರು ಬೆರಳಿನಷ್ಟು ಕೆಳಗೆ, ಕಂಕುಳಿನ ಮಟ್ಟಕ್ಕಿಂತ ಮೇಲೆ, ತೋಳಿನ ಹೊರಮಗ್ಗುಲಿನ ನಡುವೆ. ತೀರಾ ಕೆಳಗೆ ಅಥವಾ ಹಿಂದಕ್ಕೆ ಹೋದರೆ ನರಕ್ಕೆ ತಗಲಬಹುದು. ಸೂಜಿ ನೇರವಾಗಿ, 90 ಡಿಗ್ರಿಯಲ್ಲಿ ಹೋಗಬೇಕು.

4. ಕೈಯನ್ನು ಸಡಿಲ ಬಿಟ್ಟು ತೊಡೆಯ ಮೇಲೆ ಇಟ್ಟುಕೊಳ್ಳಿ. ಸೂಜಿ ಕಂಡು ಭುಜ ಮೇಲೆತ್ತಿ ಬಿಗಿ ಹಿಡಿಯಬೇಡಿ. ಪಕ್ಕದಲ್ಲಿ ನಿಂತು ಹೆದರಿಸುವವರು ದಯವಿಟ್ಟು ದೂರ ಇರಿ!

5. ಆಮೇಲೆ ಕೈಯನ್ನು ಎಂದಿನಂತೆ ಆಡಿಸುತ್ತಿರಿ. ಒಂದು ವಾರವಾದರೂ ಕೈ ಎತ್ತಲು ಆಗದಿದ್ದರೆ ಸುಮ್ಮನಿರಬೇಡಿ. ಆಶಾ ಅಕ್ಕನಿಗೋ ಸಿಸ್ಟರಿಗೋ ಹೇಳಿ, ಡಾಕ್ಟರಿಗೆ ತೋರಿಸಿ. ಎಣ್ಣೆ ಹಾಕಿ ಬಲವಾಗಿ ತಿಕ್ಕಿಸುವುದು, ಬಟ್ಟೆ ಕಟ್ಟಿ ತಿಂಗಳುಗಟ್ಟಲೆ ಕೈ ಆಡಿಸದೆ ಇಡುವುದು ಎರಡೂ ಬೇಡ. ಆಡಿಸದ ಕೀಲು ಇನ್ನೂ ಬಿಗಿಯಾಗುತ್ತದೆ.

ಇಷ್ಟು ತೊಂದರೆ ಇದ್ದರೆ ಲಸಿಕೆಯೇ ಏಕೆ?

ಧನುರ್ವಾಯುವಿನ ಕ್ರಿಮಿ ಇರುವುದು ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ. ನಾವು ಬರಿಗಾಲಿನಲ್ಲಿ ಹೊಲಕ್ಕೆ ಹೋಗುವವರು, ಕೊಟ್ಟಿಗೆ ಗುಡಿಸುವವರು. ಒಂದು ಮುಳ್ಳು, ಒಂದು ತುಕ್ಕು ಮೊಳೆ ಸಾಕು. ಗಾಯದಿಂದ ಒಳಗೆ ಹೋದ ಕ್ರಿಮಿಯ ವಿಷ ದವಡೆಯನ್ನು ಕಚ್ಚಿಸಿ, ಮೈಯನ್ನೇ ಬಿಲ್ಲಿನಂತೆ ಬಗ್ಗಿಸುತ್ತದೆ. ಅದಕ್ಕೇ 'ಧನುರ್' ವಾಯು ಎಂಬ ಹೆಸರು. ಬಂದವರಲ್ಲಿ ಎಷ್ಟೋ ಜನ ಉಳಿಯುವುದಿಲ್ಲ. ಭುಜದ ನೋವಿಗೆ ಔಷಧ ಉಂಟು, ವ್ಯಾಯಾಮ ಉಂಟು. ಹೋದ ಜೀವಕ್ಕೆ ಏನುಂಟು?

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ? ಸೂಜಿ ಎಲ್ಲಿ ಬೀಳಬೇಕು ಎಂಬುದನ್ನು ತಿಳಿದುಕೊಂಡು ಕುಳಿತರೆ ಹೆದರಿಕೆಯ ಮುಕ್ಕಾಲು ಪಾಲು ಕಡಿಮೆಯಾಗುತ್ತದೆ. ಓದು ಬಾರದ ಅಜ್ಜಿ ತಾತಂದಿರಿಗೂ ಇದನ್ನು ಓದಿ ಹೇಳಿ. ಲಸಿಕೆಯ ದಿನ ಯಾರಿಗೂ ಹೊಟ್ಟೆನೋವು ಬಾರದಿರಲಿ!