ಗಣಕದ ಕಡತಲೇಖನವೂ ಕನ್ನಡ ಪಾಠರಕ್ಷಣೆಯೂ

ಓಲೆಯ ಪ್ರತಿಗಳಲ್ಲಿ ಲಿಪಿಕಾರರ ಪ್ರಮಾದದಿಂದ ಪಾಠಭೇದಗಳು ಹುಟ್ಟುವುವು. ಗಣಕದ ಕಡತದಲ್ಲಿಯಾದರೋ ಪಾಠವೇ ಲೋಪವಾಗುವ ಸಂಭವವುಂಟು. ರಯಾನ್ ಡಾಲನು 2009ರಲ್ಲಿ ಪ್ರಕಟಿಸಿದ ನೋಡ್ ಎಂಬ ವ್ಯವಸ್ಥೆಯಿಂದ ಜಾವಾಸ್ಕ್ರಿಪ್ಟ್ ಭಾಷೆಯು ಸರ್ವರುಗಳಲ್ಲಿ ವಿಶೇಷವಾಗಿ ಪ್ರಚಾರಕ್ಕೆ ಬಂದಿತು. ಅದರಲ್ಲಿ ಕಡತವನ್ನು ಬರೆಯತಕ್ಕ ವಿಧಿಗೆ ‘ರೈಟ್‌ಫೈಲ್’ ಎಂದು ಹೆಸರು. ಇಲ್ಲಿ ಪಾಠಲೋಪಕ್ಕೆ ಕಾರಣಗಳು ಮುಖ್ಯವಾಗಿ ಎರಡು.

ಮೊದಲನೆಯದು ಸಂಕೇತದೋಷ. ಉತ್ತರ ಬೆಂಗಳೂರಿನ ‘ಬ್ಯಾಟರಾಯನಪುರ’ ಎಂಬ ಸ್ಥಳನಾಮದಲ್ಲಿ ಅಕ್ಷರಗಳು 7. ಯೂನಿಕೋಡ್ ಕ್ರಮದಲ್ಲಿಯಾದರೆ ‘ಬ್ಯಾ’ ಎಂಬುದೊಂದರಲ್ಲಿಯೇ ಬಕಾರ, ಹಲಂತಚಿಹ್ನೆ, ಯಕಾರ, ದೀರ್ಘಚಿಹ್ನೆ ಎಂದು ನಾಲ್ಕು ಸಂಕೇತಗಳಿರುವುದರಿಂದ ಒಟ್ಟು 12. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟುಗಳಂತೆ 36 ಬೈಟುಗಳು ಬೇಕು. ಬೇರೆ ವಿಧಿಸದಿದ್ದಲ್ಲಿ ನೋಡ್ ಈ ಪದ್ಧತಿಯನ್ನೇ ಅನುಸರಿಸುವುದು. ‘ಲ್ಯಾಟಿನ್-1’ ಎಂದು ವಿಧಿಸಿದರೆ ಸಂಕೇತಕ್ಕೆ ಒಂದೇ ಬೈಟು ಉಳಿದು, ಊರಿನ ಹೆಸರು ಅರ್ಥವಿಲ್ಲದ ಚಿಹ್ನೆಗಳ ಸಾಲಾಗುವುದು.

ಎರಡನೆಯದು ಕ್ರಮದೋಷ. ರೈಟ್‌ಫೈಲ್ ವಿಧಿಯು ಸಾಮಾನ್ಯವಾಗಿ ಹಳೆಯ ಕಡತವನ್ನು ಮೊದಲು ಬರಿದುಮಾಡಿ ಅನಂತರ ಹೊಸದನ್ನು ಬರೆಯುವುದು. ನಡುವೆ ವಿದ್ಯುತ್ತು ನಿಂತರೆ ಹಳೆಯ ಪಾಠವೂ ಇಲ್ಲ, ಹೊಸದೂ ಪೂರ್ಣವಿಲ್ಲ. ಕೊನೆಯಲ್ಲಿ ಸೇರಿಸುವುದಷ್ಟೇ ಉದ್ದೇಶವಾದರೆ ‘ಅಪೆಂಡ್‌ಫೈಲ್’ ಯುಕ್ತವಾದುದು. ಪೂರ್ತಿಯಾಗಿ ತಿದ್ದಬೇಕಾದರೆ ಹೊಸ ಪಾಠವನ್ನು ಅಲ್ಲಿಯೇ ಬೇರೊಂದು ಹೆಸರಿನ ಕಡತದಲ್ಲಿ ಬರೆದು, ಬರಹವು ಮುಗಿದುದನ್ನು ನಿಶ್ಚಯಿಸಿಕೊಂಡು, ಆಮೇಲೆ ಅದಕ್ಕೆ ಹಳೆಯ ಹೆಸರನ್ನಿಡತಕ್ಕದ್ದು. ಶಾಸನಪಾಠಗಳನ್ನೂ ಗ್ರಂಥಪಾಠಗಳನ್ನೂ ಗಣಕಕ್ಕೆ ಒಪ್ಪಿಸುವವರು ಈ ಎರಡನ್ನೂ ಅವಶ್ಯವಾಗಿ ಗಮನಿಸತಕ್ಕದ್ದು.